ಕ್ವೀನ್ ಮೇರಿ ಹಡಗು ಅಂದು ಏಕೆ ನಿಲ್ಲಲಿಲ್ಲ?

ಪ್ರಶ್ನೆ:
1936ರಲ್ಲಿ ಪ್ರಯಾಣಿಕರ ಸೇವೆಗೆ ಇಳಿದ ಬ್ರಿಟನ್ನಿನ ಕ್ವೀನ್ ಮೇರಿ ಹಡಗು ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದಾಗ, 1942ರ ಅಕ್ಟೋಬರ್ 2ರಂದು ತನ್ನದೇ ಕಾವಲಿಗೆ ಬಂದಿದ್ದ ಕ್ಯುರಸೋವಾ ಯುದ್ಧನೌಕೆಯನ್ನು ಎರಡು ಹೋಳಾಗಿ ಸೀಳಿತು. ನೀರಿಗೆ ಬಿದ್ದವರನ್ನು ಎತ್ತಿಕೊಳ್ಳದೆ ಮುಂದೆ ಸಾಗಿತು. ಹಾಡಹಗಲಿನಲ್ಲಿ, ಒಂದಕ್ಕೊಂದು ಕಾಣುವಂತೆಯೇ ಹೋಗುತ್ತಿದ್ದ ಹಡಗುಗಳಿಗೆ ಹೀಗಾದದ್ದು ಹೇಗೆ? ನಿಲ್ಲದೆ ಹೋದದ್ದನ್ನು ಒಪ್ಪಲು ನನ್ನ ಮನಸ್ಸಿಗೆ ಸಾಧ್ಯವಾಗುತ್ತಿಲ್ಲ.

ಉತ್ತರ 1:
ಇದರ ಮೂಲ ವೇಗದಲ್ಲಿದೆ. ಕ್ವೀನ್ ಮೇರಿ 28 ನಾಟ್‌ಗಿಂತ (ಗಂಟೆಗೆ ಸುಮಾರು 52 ಕಿ.ಮೀ.) ಹೆಚ್ಚು ವೇಗದಲ್ಲಿ ಓಡಬಲ್ಲದಾಗಿತ್ತು, ನೀರಿನ ಮೇಲೆ ತೇಲಿ ಬರುವ ಜರ್ಮನ್ ಜಲಾಂತರ್ಗಾಮಿಯೂ ಅದನ್ನು ಬೆನ್ನಟ್ಟಿ ಹಿಡಿಯಲಾರದು. ಆದ್ದರಿಂದಲೇ ಅದು ಅಟ್ಲಾಂಟಿಕ್ ಸಾಗರದ ಬಹುಭಾಗವನ್ನು ಒಂಟಿಯಾಗಿ ದಾಟುತ್ತಿತ್ತು. ಮುಂದೆ ಕಾದು ಕುಳಿತ ಶತ್ರುವಿನ ಗುರಿ ತಪ್ಪಿಸಲು ಅದು ನಿಗದಿತ ಅಂತರದಲ್ಲಿ ಎಡಕ್ಕೂ ಬಲಕ್ಕೂ ತಿರುಗುತ್ತಾ ಸಾಗಬೇಕಿತ್ತು. ಮೊದಲ ಮಹಾಯುದ್ಧದ ಕಾಲದ ಕ್ಯುರಸೋವಾ ಅಷ್ಟು ವೇಗವಾಗಿ ಓಡಲಾರದೆ ನೇರ ದಾರಿ ಹಿಡಿದಿತ್ತು. ಹಿಂದಿನಿಂದ ಬಂದ ದೊಡ್ಡ ಹಡಗು ಹತ್ತಿರವಾದಂತೆ, ಇನ್ನೊಬ್ಬರೇ ದಾರಿ ಬಿಡುತ್ತಾರೆಂದು ಎರಡೂ ಕಡೆಯವರು ನಂಬಿದ್ದರು. 81,000 ಟನ್ನಿನ ಹಡಗಿನ ಮುಂದೆ ನಾಲ್ಕು ಸಾವಿರ ಟನ್ನಿನ ನೌಕೆ ಉಳಿಯುವ ಮಾತೇ ಇರಲಿಲ್ಲ.

ಉತ್ತರ 2:
ನಿಲ್ಲದಿರುವುದು ಕ್ವೀನ್ ಮೇರಿಯ ಕ್ಯಾಪ್ಟನ್ ಇಲಿಂಗ್‌ವರ್ತ್ ಅವರ ಮನಸ್ಸಿನ ಕಾಠಿಣ್ಯವಲ್ಲ, ಅವರಿಗಿದ್ದ ಸ್ಪಷ್ಟ ಆಜ್ಞೆ. ಒಳಗೆ ಹತ್ತು ಸಾವಿರ ಅಮೆರಿಕನ್ ಸೈನಿಕರಿದ್ದರು. ನಿಂತ ಹಡಗು, ನೀರೊಳಗೆ ಸಾಗಿ ಬಂದು ಸಿಡಿಯುವ ಟಾರ್ಪಿಡೊಗೆ ಸುಲಭದ ಗುರಿ. ಮೂತಿ ಜಜ್ಜಿಹೋಗಿದ್ದರೂ, ವೇಗ ತಗ್ಗಿಸಿಕೊಂಡು ಅದು ಸ್ಕಾಟ್ಲೆಂಡಿನ ಕ್ಲೈಡ್ ನದೀಮುಖಕ್ಕೆ ತಲುಪಿತು. ಅಲ್ಲಿ ಒಡೆದ ಭಾಗಕ್ಕೆ ಕಾಂಕ್ರೀಟು ತುಂಬಿ, ಬಾಸ್ಟನ್‌ನಲ್ಲಿ ಪೂರ್ತಿ ದುರಸ್ತಿ ಮಾಡಿದರು. ಹಿಂತಿರುಗಿ ಬಂದ ಇತರ ಕಾವಲು ನೌಕೆಗಳು ಸುಮಾರು ನೂರು ಜನರನ್ನು ಮಾತ್ರ ಉಳಿಸಿದವು; ಮುನ್ನೂರಕ್ಕೂ ಹೆಚ್ಚು ನಾವಿಕರು ತೀರಿಕೊಂಡರು.

ಉತ್ತರ 3:
ಮೇಲಿನವರ ಮಾತು ಸರಿ, ಆದರೆ ತಪ್ಪು ನಡೆದದ್ದು ಡಿಕ್ಕಿಗೆ ಮುಂಚೆ. ಯಾರು ಯಾರಿಗೆ ದಾರಿ ಬಿಡಬೇಕೆಂಬುದನ್ನು ಹೊರಡುವ ಮೊದಲೇ ಖಚಿತಪಡಿಸಿಕೊಂಡಿದ್ದರೆ ಆ ಜೀವಗಳು ಉಳಿಯುತ್ತಿದ್ದವೆಂದೇ ನನ್ನ ನಂಬಿಕೆ. ಯುದ್ಧದ ನಂತರ ಮೊಕದ್ದಮೆ ನಡೆದಾಗ ಮೊದಲ ನ್ಯಾಯಾಲಯ ಕ್ಯುರಸೋವಾ ಒಂದನ್ನೇ ಹೊಣೆ ಮಾಡಿತು. ಮೇಲ್ಮನವಿಯಲ್ಲಿ ಹೊಣೆಯ ಮೂರರಲ್ಲಿ ಎರಡು ಪಾಲು ನೌಕಾಪಡೆಗೂ ಒಂದು ಪಾಲು ಕ್ವೀನ್ ಮೇರಿಯ ಒಡೆತನದ ಕಂಪನಿಗೂ ಬಿತ್ತು. 1949ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಎತ್ತಿಹಿಡಿಯಿತು. ಇಡೀ ಘಟನೆಯನ್ನು 1945ರವರೆಗೆ ಜನರಿಂದ ಮುಚ್ಚಿಟ್ಟಿದ್ದರು.