ಸಹಾಯ ಬೇಕು: ಗೊಬ್ಬರದ ಡ್ರಮ್ ನಾರುತ್ತಿದೆ, ಜೊತೆಗೆ ಬಟ್ಟೆ ಒಗೆದ ನೀರಿನ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ 20 ಅಡಿ ಉದ್ದ, 10 ಅಡಿ ಅಗಲದ ಜಾಗ ಇದೆ. ಒಂದು ವರ್ಷದಿಂದ ಅಲ್ಲಿ ತರಕಾರಿ ಬೆಳೆಯಲು ಒದ್ದಾಡುತ್ತಿದ್ದೇನೆ.

ದೊಡ್ಡ ತಲೆನೋವು ಗೊಬ್ಬರದ್ದು. 200 ಲೀಟರ್ ಡ್ರಮ್ಮಿಗೆ ತೂತು ಕೊರೆದು ಅಡುಗೆಮನೆಯ ಹಸಿ ಕಸ ಹಾಕುತ್ತಿದ್ದೇನೆ. ಎರಡು ತಿಂಗಳಾಯಿತು, ಗೊಬ್ಬರದ ಬದಲು ಬರೀ ರಾಡಿ. ಮೂಗು ಮುಚ್ಚಿಕೊಂಡೇ ಮುಚ್ಚಳ ತೆಗೆಯಬೇಕು! ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲಿನಷ್ಟು ಒಣ ಎಲೆ ಬೇಕು, ಗಾಳಿ ಆಡಬೇಕು, ಕೈಯಲ್ಲಿ ಹಿಂಡಿದರೆ ಒಂದೆರಡು ಹನಿಯಷ್ಟೇ ಬರಬೇಕು ಅಂತ ಗೊತ್ತು. ಆದರೆ ಎಲೆ ಉದುರುವುದು ವರ್ಷದಲ್ಲಿ ಕೆಲವೇ ವಾರ ಅಲ್ವಾ? ಉಳಿದ ದಿನ ನೀವೇನು ಹಾಕುತ್ತೀರಿ? ರಟ್ಟು ಹರಿದು ಹಾಕಿದೆ, ಅದೂ ಮುದ್ದೆಯಾಗಿ ಕೂತಿತು. ಮರ ಕೊಯ್ದ ಪುಡಿ ನಡೆಯುತ್ತದಾ? ಈಗಿರುವ ರಾಡಿಯನ್ನು ಸರಿಮಾಡಬಹುದಾ, ಇಲ್ಲ ಗುಂಡಿ ತೋಡಿ ಹೂಳುವುದೇ ವಾಸಿಯಾ?

ಇನ್ನೊಂದು, ವಾಷಿಂಗ್ ಮೆಷಿನ್ ನೀರನ್ನು ಹಣ್ಣಿನ ಗಿಡಗಳಿಗೆ ಬಿಡಬೇಕೆಂದಿದ್ದೇನೆ. ಕೂಡಿಟ್ಟರೆ ಒಂದೇ ದಿನಕ್ಕೆ ವಾಸನೆ ಬರುತ್ತದೆ, ಅದಕ್ಕೇ ಬುಡದ ಒಣಹುಲ್ಲಿನ ಹೊದಿಕೆಯ ಕೆಳಗೆ ನೇರವಾಗಿ ಪೈಪ್ ಎಳೆಯುವ ಯೋಚನೆ. ಸೊಪ್ಪು, ಗೆಡ್ಡೆಗಳಿಗೆ ಬಿಡುವುದಿಲ್ಲ. ಸೋಡಿಯಂ, ಬೋರಾನ್ ಜಾಸ್ತಿಯಾದರೆ ಮಣ್ಣಿಗೂ ಗಿಡಕ್ಕೂ ಕೆಡುಕು ಅಂತ ಸೋಪೂ ಬದಲಾಯಿಸಿದ್ದೇನೆ. ಬಟ್ಟೆಯ ನೂಲು ಪೈಪಿನಲ್ಲಿ ಕಟ್ಟಿಕೊಳ್ಳದಂತೆ ಏನು ಮಾಡಿದ್ದೀರಿ?

ಮಾಡಿ ನೋಡಿದವರು ಹೇಳಿ. ದಯವಿಟ್ಟು ವಿಡಿಯೋ ಬೇಡ, ಅವನ್ನು ನೋಡಿಯೇ ಈ ಗತಿ ಬಂದಿದೆ. ಡ್ರಮ್ಮಿನ ಫೋಟೋ ಸಂಜೆ ಹಾಕುತ್ತೇನೆ.