ಮುಟ್ಟಿನ ದಿನ ಆಡಿದರೆ ಮಂಡಿ ಲಿಗಮೆಂಟ್ ಹರಿಯುತ್ತಾ?

ಮೈಸೂರಿನ ಅಮ್ಮ:
ಮಗಳಿಗೆ 16 ವರ್ಷ, ಖೋ ಖೋ ಆಡುತ್ತಾಳೆ. ಹೋದ ತಿಂಗಳು ಅವಳ ತಂಡದ ಹುಡುಗಿ ಕಂಬದ ಹತ್ತಿರ ತಿರುಗುವಾಗ ಬಿದ್ದಳು. ಯಾರೂ ತಾಗಿರಲಿಲ್ಲ, ಮಂಡಿಯಲ್ಲಿ ಟಪ್ ಅಂತ ಸದ್ದು ಬಂತಂತೆ. ಸ್ಕ್ಯಾನ್ ಮಾಡಿಸಿದರೆ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಹರಿದಿದೆ. ಆಗಿನಿಂದ ಕೋಚ್, ಮುಟ್ಟಾದವರು ಗ್ರೌಂಡಿಗೆ ಬರಬೇಡಿ, ಆ ದಿನ ಮಂಡಿ ಸಡಿಲ ಇರುತ್ತೆ ಅಂತಿದ್ದಾರೆ. ಮನೆಯಲ್ಲಿ ಅತ್ತೆಯದೂ ಅದೇ ಮಾತು. ನಿಜಾನಾ? ತಿಂಗಳಿಗೆ ಐದು ದಿನ ಬಿಟ್ಟರೆ ಇವಳ ಆಟ ಏನಾಗಬೇಕು?

ಫಿಸಿಯೋ:
ಮೇಡಂ, ದಯವಿಟ್ಟು ಅವಳನ್ನು ಮನೆಯಲ್ಲಿ ಕೂರಿಸಬೇಡಿ. ಎಸಿಎಲ್‌ನ ಜೀವಕೋಶಗಳ ಮೇಲೆ ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಕೆಲಸ ಮಾಡುತ್ತೆ ಅನ್ನೋದು 1996ರಿಂದಲೇ ಗೊತ್ತಿದೆ. ಆದರೆ ಮುಟ್ಟು ಶುರುವಾದ ದಿನಗಳಲ್ಲಿ ಈಸ್ಟ್ರೋಜನ್ ತೀರಾ ಕಡಿಮೆ ಇರುತ್ತೆ, ಏರುವುದು ಅಂಡ ಬಿಡುಗಡೆಗೆ ಸ್ವಲ್ಪ ಮುಂಚೆ. ಮಂಡಿ ತುಸು ಸಡಿಲವಾಗುತ್ತೆ ಅಂತ ಕಂಡ ಅಧ್ಯಯನಗಳೂ ಹೆಚ್ಚಾಗಿ ಆ ನಡು ತಿಂಗಳನ್ನೇ ತೋರಿಸುತ್ತವೆ. ಅಂದರೆ ಕೋಚ್ ಹಿಡಿದಿರುವ ದಿನಗಳೇ ತಪ್ಪು! ಆ ಸಡಿಲ ಬರೀ ಮಿಲಿಮೀಟರ್ ಲೆಕ್ಕದ್ದು, ಅದರಿಂದಲೇ ಹರಿಯುತ್ತೆ ಅಂತ ಇನ್ನೂ ಸಾಬೀತಾಗಿಲ್ಲ. ಫುಟ್‌ಬಾಲಿನ ವಿಶ್ವ ಸಂಸ್ಥೆ ಫಿಫಾ ಲಂಡನ್ನಿನ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಸಂಶೋಧನೆಗೆ ಹಣ ಕೊಟ್ಟಿದೆ.

ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗಿಯರಿಗೆ ಈ ಪೆಟ್ಟು ಹುಡುಗರಿಗಿಂತ ಎರಡು ಮೂರು ಪಟ್ಟು ಜಾಸ್ತಿ, ಅದು ನಿಜ. 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಇಂಗ್ಲೆಂಡಿನ ಬೆತ್ ಮೀಡ್, ಲಿಯಾ ವಿಲಿಯಮ್ಸನ್ ಇಬ್ಬರೂ ಎಸಿಎಲ್ ಹರಿದುಕೊಂಡು ಹೊರಗುಳಿದರು. ಆದರೆ ನೀವು ನೋಡಬೇಕಾದ್ದು ಅವಳು ನೆಲಕ್ಕೆ ಇಳಿಯುವ ರೀತಿ. ಒಂದು ಸ್ಟೂಲ್ ಮೇಲಿಂದ ಜಿಗಿಸಿ, ಎದುರಿಂದ ಮೊಬೈಲಲ್ಲಿ ವಿಡಿಯೋ ಮಾಡಿ. ಮಂಡಿ ಒಳಕ್ಕೆ ವಾಲುತ್ತಾ, ಕಾಲು ನೆಟ್ಟಗೆ ಇಟ್ಟೇ ಇಳಿಯುತ್ತಾಳಾ? ಹಾಗಿದ್ದರೆ ಅದನ್ನು ತಿದ್ದಬೇಕು. ತೊಡೆಯ ಹಿಂಭಾಗ ಮತ್ತು ಸೊಂಟ ಗಟ್ಟಿಯಾಗಬೇಕು. ಫಿಫಾ 11+ ಅಂತ 20 ನಿಮಿಷದ ವಾರ್ಮಪ್ ಇದೆ, ದುಡ್ಡು ಬೇಡ, ವಿಶೇಷ ಸಾಮಾನು ಬೇಡ. ಈ ಥರದ ತರಬೇತಿಯಿಂದ ಹುಡುಗಿಯರಲ್ಲಿ ಎಸಿಎಲ್ ಪೆಟ್ಟು ಸುಮಾರು ಅರ್ಧಕ್ಕೆ ಇಳಿದಿದೆ.

ಹಳೇ ಕಬಡ್ಡಿ ಆಟಗಾರ್ತಿ:
ಅಕ್ಕಾ, ನನ್ನದೂ 19ಕ್ಕೆ ಹರಿದಿತ್ತು. ಅವತ್ತು ಮೂರನೇ ಮ್ಯಾಚು, ಕಾಲು ಸೋತು ಹೋಗಿತ್ತು, ವಾರ್ಮಪ್ ಅಂತ ಬರೀ ಎರಡು ರೌಂಡ್ ಓಡಿದ್ದೆವು. ತಿಂಗಳ ಲೆಕ್ಕವನ್ನು ಯಾರೂ ಕೇಳಲಿಲ್ಲ, ಇಳಿಯುವುದನ್ನೂ ಯಾರೂ ಕಲಿಸಲಿಲ್ಲ. ಗಾಯವಾದ ಆ ಹುಡುಗಿಗೂ ಒಂದು ಮಾತು ಹೇಳಿ, ಆಪರೇಷನ್ ಆದರೆ ಒಂಬತ್ತು ತಿಂಗಳೊಳಗೆ ಅಂಗಳಕ್ಕೆ ಇಳಿಯಬಾರದು. ನಾನು ಆರಕ್ಕೇ ಇಳಿದೆ, ಮತ್ತೆ ಹರಿಯಿತು.

ಮೈಸೂರಿನ ಅಮ್ಮ:
ತುಂಬಾ ಧೈರ್ಯ ಬಂತು. ಇನ್ನೊಂದು ವಿಷಯ. ಪ್ರಾಕ್ಟೀಸ್ ಜಾಸ್ತಿಯಾದ ಮೇಲೆ ಇವಳಿಗೆ ನಾಲ್ಕು ತಿಂಗಳಿಂದ ಮುಟ್ಟೇ ಆಗಿಲ್ಲ. ಆಟಗಾರ್ತಿಯರಿಗೆ ಅದು ಮಾಮೂಲು ಅಂತ ಸುಮ್ನಿದ್ದೆ.

ಫಿಸಿಯೋ:
ಮಾಮೂಲು ಅಲ್ಲ ಮೇಡಂ! ಈ ವಾರವೇ ಡಾಕ್ಟರಿಗೆ ತೋರಿಸಿ. ಓಡುವಷ್ಟು ಊಟ ಸಾಲದಿದ್ದರೆ ಮುಟ್ಟು ನಿಲ್ಲುತ್ತೆ, ಮೂಳೆ ಸವೆಯುತ್ತೆ. ಬೆಳಿಗ್ಗೆ ಏನು ತಿಂದು ಗ್ರೌಂಡಿಗೆ ಹೋಗ್ತಾಳೆ?

ಮೈಸೂರಿನ ಅಮ್ಮ:
ಬರೀ ಒಂದು ಲೋಟ ಹಾಲು.