ಲೈಕಾ ಎಂ6ಗೆ ಚಿಕ್ಕ 35 ಎಂಎಂ ಲೆನ್ಸ್: ಯಾವುದು ತಗೊಳ್ಳಲಿ?

ನಮಸ್ಕಾರ. ನನ್ನದು ಲೈಕಾ ಎಂ6, ಫಿಲ್ಮ್ ಕ್ಯಾಮೆರಾ. ಅದರಲ್ಲಿ ನೋಡುವುದು ಲೆನ್ಸಿನ ಮೂಲಕ ಅಲ್ಲ, ಪಕ್ಕದ ಫೈಂಡರ್ ಅನ್ನೋ ಕಿಂಡಿಯಲ್ಲಿ. ನನ್ನ ದಪ್ಪ 50 ಎಂಎಂ ಲೆನ್ಸ್ ಆ ಫೈಂಡರಿನ ಬಲಗಡೆ ಕೆಳಮೂಲೆಯನ್ನೇ ಮುಚ್ಚುತ್ತದೆ. ಜೇಬಿಗಂತೂ ಇಳಿಯುವುದಿಲ್ಲ. ಲೈಕಾದ್ದೇ ಲೆನ್ಸ್ ಕೊಳ್ಳುವ ಮಾತು ಬಿಡಿ, ಅಷ್ಟು ದುಡ್ಡಿಲ್ಲ.

ಹುಡುಕಿ ಹುಡುಕಿ ಫೋಗ್ಟ್‌ಲ್ಯಾಂಡರ್‌ನ ಎರಡು 35 ಎಂಎಂ ಲೆನ್ಸ್‌ಗಳಿಗೆ ಬಂದು ನಿಂತಿದ್ದೇನೆ: ಕಲರ್ ಸ್ಕೋಪಾರ್ ಎಫ್2.5, ಅಲ್ಟ್ರಾನ್ ಎಫ್2 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬೆಳಕು ಹೆಚ್ಚು). ಸ್ಕೋಪಾರ್ ಬರೀ 134 ಗ್ರಾಂ, 23 ಮಿ.ಮೀ. ಉದ್ದ. ಆಸೆ ಅದರ ಮೇಲೇ. ಆದರೆ ಗೆಳೆಯನ ಅಲ್ಟ್ರಾನ್ ಹಾಕಿ ಒಂದು ರೋಲ್ ತೆಗೆದೆ. ಸಂಜೆ ಮನೆಯೊಳಗೆ, ಐಎಸ್‌ಒ 400 ಫಿಲ್ಮಿನಲ್ಲಿ (ಐಎಸ್‌ಒ ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ), ಉಸಿರು ಬಿಗಿಹಿಡಿದು 1/30 ಸೆಕೆಂಡಿನಲ್ಲಿ ಒತ್ತಿದ್ದು ಚೆನ್ನಾಗಿಯೇ ಬಂತು. ಸ್ಕೋಪಾರ್‌ನ ಎಫ್2.5 ಅಂದರೆ ಅರ್ಧ ಸ್ಟಾಪಿಗಿಂತ ತುಸು ಹೆಚ್ಚೇ ಬೆಳಕು ಕಮ್ಮಿ (ಒಂದು ಸ್ಟಾಪ್ ಕಮ್ಮಿ ಅಂದರೆ ಬೆಳಕು ಅರ್ಧಕ್ಕಿಳಿದಂತೆ). ಫಿಲ್ಮಲ್ಲಿ ನಡುವೆ ಐಎಸ್‌ಒ ಏರಿಸೋಕೂ ಆಗಲ್ಲ ಅಲ್ವಾ?

ಹುಡ್ (ಅಡ್ಡ ಬೆಳಕು ತಡೆಯಲು ಲೆನ್ಸಿನ ಮುಂದೆ ಹಾಕುವ ಮರೆ) ಮಾತ್ರ ಗೆಳೆಯನ ಹತ್ತಿರ ಇರಲಿಲ್ಲ. ಬಳಸಿದವರು ಹೇಳಿ: ಹುಡ್ ಹಾಕಿದರೆ ಅಲ್ಟ್ರಾನ್, ಫೈಂಡರಿನಲ್ಲಿ 35 ಎಂಎಂ ಚಿತ್ರದ ಅಂಚು ತೋರಿಸುವ ಫ್ರೇಮ್‌ಲೈನಿಗೆ ಅಡ್ಡ ಬರುತ್ತಾ? ಸ್ಕೋಪಾರ್ ತಗೊಂಡವರಿಗೆ ಮನೆಯೊಳಗೆ ಬೆಳಕು ಸಾಲದೆ ಬೇಜಾರಾಗಿದೆಯಾ?